ಸರಾಸರಿ ಹೇಳದ ಲೆಕ್ಕ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಸಾಫ್ಟ್‌ವೇರ್ ಇಂಜಿನಿಯರ್. ಇದೇ ಶಾಲೆಯ ಕಪ್ಪುಹಲಗೆಯ ಮೇಲೆ ಕಲಿತ ಸರಾಸರಿಯಿಂದಲೇ ಇವತ್ತಿನ ಮಾತು ಆರಂಭಿಸುತ್ತೇನೆ.

ಒಂದು ಬೀದಿಯಲ್ಲಿ ಐದು ಮನೆಗಳಿವೆ ಎನ್ನಿ. ಒಂದು ಮನೆಯ ತಿಂಗಳ ಆದಾಯ 5 ಸಾವಿರ, ಮೂರು ಮನೆಗಳದ್ದು ತಲಾ 10 ಸಾವಿರ, ಇನ್ನೊಂದರದ್ದು 65 ಸಾವಿರ. ಸರಾಸರಿ 20 ಸಾವಿರ. ಆದರೆ ನಾಲ್ಕು ಮನೆಗಳು 20 ಸಾವಿರದ ಮುಖವನ್ನೇ ಕಂಡಿಲ್ಲ! ಇಂಥ ಅಂತರವನ್ನು ಅಳೆಯಲು ಇಟಲಿಯ ಕೊರಾಡೊ ಜಿನಿ 1912ರಲ್ಲಿ ಒಂದು ಸೂಚ್ಯಂಕ ಕೊಟ್ಟರು. ಎಲ್ಲರ ಆದಾಯ ಸಮವಿದ್ದರೆ ಅದು 0. ಒಬ್ಬರ ಕೈಗೇ ಎಲ್ಲ ಸೇರುತ್ತ ಹೋದಂತೆ 1ರ ಹತ್ತಿರ ಹೋಗುತ್ತದೆ. 'ಆರ್' ಎಂಬ ಉಚಿತ ತಂತ್ರಾಂಶಕ್ಕೆ ಈ ಐದು ಸಂಖ್ಯೆಗಳನ್ನು ಕೊಟ್ಟರೆ ಕ್ಷಣದಲ್ಲಿ 0.48 ಎಂದು ಹೇಳುತ್ತದೆ.

ಈಗ 5 ಸಾವಿರದ ಮನೆಯವರು ಕಬ್ಬು ಕಡಿಯಲು ಹೋಗಿ ಗಣತಿಗೆ ಸಿಗಲಿಲ್ಲ ಎನ್ನಿ. ಉಳಿದ ನಾಲ್ಕು ಮನೆಗಳ ಲೆಕ್ಕ 0.43ಕ್ಕೆ ಇಳಿಯುತ್ತದೆ. ಯಾರ ಬಡತನವೂ ನೀಗಲಿಲ್ಲ, ಬೀದಿ ಮಾತ್ರ ಹೆಚ್ಚು ಸಮಾನವಾಗಿ ಕಂಡಿತು! ತಂತ್ರಾಂಶ ನಾವು ಕೊಟ್ಟದ್ದನ್ನಷ್ಟೇ ಎಣಿಸುತ್ತದೆ.

ಮನೆಮನೆಗೆ ಹೋಗಿ ಎಣಿಸಿದವರ ಮಾದರಿ ನಮ್ಮ ಜಿಲ್ಲೆಯಲ್ಲೇ ಇದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ 1954ರಲ್ಲಿ ಮಂಡ್ಯದ ಸೀಮೆಗೆ ಬಂದರು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಒಂದು ಹಳ್ಳಿ, ನೀರು ಹತ್ತದ ಇನ್ನೊಂದು ಹಳ್ಳಿ ಆರಿಸಿಕೊಂಡು, ಕುಟುಂಬಗಳ ಆದಾಯ, ಖರ್ಚು ಕೇಳಿ ಬರೆದುಕೊಂಡರು. ಪುಸ್ತಕದಲ್ಲಿ ಹಳ್ಳಿಗಳ ನಿಜ ಹೆಸರು ಮರೆಮಾಡಿ ವಂಗಲ, ದಲೇನ ಎಂದು ಕರೆದರು. 1970ರಲ್ಲಿ ಮತ್ತೆ ಬಂದು ನೋಡಿದಾಗ ಊರು ಬೆಳೆದಿತ್ತು. ಉಳ್ಳವರಿಗೂ ಕಡುಬಡವರಿಗೂ ನಡುವಿನ ಅಂತರವೂ ಬೆಳೆದಿತ್ತು. ಊರಿನ ಸರಾಸರಿಯನ್ನಷ್ಟೇ ನೋಡಿದ್ದರೆ ಇದು ಕಾಣುತ್ತಿರಲಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿಯೇ ನೋಡಿ, ನಾಲೆಯ ಮೇಲ್ಭಾಗದ ಗದ್ದೆಯವರಿದ್ದಾರೆ, ಕೊನೆಭಾಗದವರಿದ್ದಾರೆ, ಗೇಣು ಭೂಮಿಯೂ ಇಲ್ಲದ ಕೂಲಿಯವರಿದ್ದಾರೆ. ಅಂತರ ಗೊತ್ತಾದರೆ ತಾನೆ ನೆರವು ಯಾರಿಗೆ ಮೊದಲು ಬೇಕೆಂದು ತಿಳಿಯುವುದು?

ಮಕ್ಕಳೇ, ನಿಮ್ಮ ಬೀದಿಯಿಂದಲೇ ಶುರು ಮಾಡಿ. ಹೆಸರು ಬರೆಯಬೇಡಿ, ಸಂಖ್ಯೆ ಸಾಕು. ತಂತ್ರಾಂಶ ಬಳಸುವುದನ್ನು ನಾನು ಬಂದು ಕಲಿಸುತ್ತೇನೆ. ನಿಮ್ಮ ಕೆಲಸ ಒಂದೇ: ಬೀಗ ಹಾಕಿದ ಮನೆ ಕಂಡರೆ ಬಿಟ್ಟು ಮುಂದೆ ಹೋಗಬೇಡಿ, ಸಂಜೆ ಇನ್ನೊಮ್ಮೆ ಹೋಗಿ ಬಾಗಿಲು ತಟ್ಟಿ.