ಕಾರ್ಡಿಗೆ ಏನೇನು ಬಂತು?



ಹಲಸೂರಿನ ಯಾವುದಾದರೂ ಗಲ್ಲಿಯಲ್ಲಿ ತಿಂಗಳ ನಡುವೆ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಕ್ಕಾ, ರೇಷನ್ ಬಂತಾ? ಈ ಸಲ ಏನೇನು ಬಂದಿದೆ?" ಬೇರೆ ಅಂಗಡಿಯಿಂದ ನಾವು ಸಾಮಾನು ತರುತ್ತೇವೆ. ನ್ಯಾಯಬೆಲೆ ಅಂಗಡಿಗೆ ಮಾತ್ರ ಸಾಮಾನು ತಾನಾಗಿ ಬರಬೇಕು, ಮಳೆ ಬಂದ ಹಾಗೆ. ಏನು ಬರಬೇಕೆಂದು ಚೀಲ ಹಿಡಿದು ನಿಂತವರನ್ನು ಯಾರೂ ಕೇಳುವುದಿಲ್ಲ. ಎಂಟು ದಶಕ ಹಳೆಯ ಪದ್ಧತಿ ಇದು.

1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು. ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ. ಪಟ್ಟಣಗಳಲ್ಲಿ ಒಂದೊಂದಾಗಿ ಪಡಿತರ ಶುರುವಾದದ್ದು ಆಗಲೇ. ಆ ಹೊತ್ತಿನಲ್ಲಿ ನಮ್ಮೂರು ಬೆಂಗಳೂರು ಒಂದಲ್ಲ, ಎರಡು. ಪೇಟೆ ಮೈಸೂರು ಮಹಾರಾಜರದು. ಸೈನ್ಯದ ನೆಲೆಯಾಗಿ 1809ರಲ್ಲಿ ಹುಟ್ಟಿದ ದಂಡು ಬ್ರಿಟಿಷ್ ರೆಸಿಡೆಂಟರದು. ಊಟವೂ ಬೇರೆಯೇ. ಮದರಾಸು ಪಡೆಯ ಹಿಂದೆಯೇ ಬಂದು ನೆಲೆಸಿದ ಹಲಸೂರು, ಶಿವಾಜಿನಗರದ ತಮಿಳು ಮನೆಗಳಲ್ಲಿ ಅನ್ನ. ಸುತ್ತಲಿನ ಹಳ್ಳಿಗಳಲ್ಲಿ, ಕೃಷ್ಣರಾಜಪುರದ ಕಡೆ, ಮುದ್ದೆ. 1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು, ಊರು ಒಂದಾಯಿತು. ಹೊಟ್ಟೆಗಳು ಒಂದಾದವೇ ಎಂಬುದು ಬೇರೆ ಮಾತು.

ಆಮೇಲೆ ಅಮೆರಿಕದಿಂದ ಪಿಎಲ್ 480 ಒಪ್ಪಂದದ ಗೋಧಿ ಬಂತು. ಅನ್ನದವರಿಗೂ ಗೋಧಿ, ಮುದ್ದೆಯವರಿಗೂ ಗೋಧಿ. ಚಪಾತಿ ಲಟ್ಟಿಸಿ ಗೊತ್ತಿಲ್ಲದ ಮನೆಗಳಲ್ಲಿ ಅದು ಗೋಧಿ ದೋಸೆಯಾಯಿತು. ನಮ್ಮ ಹೆಂಗಸರು ಸರ್ಕಾರಕ್ಕೆ ಕೊಟ್ಟ ಉತ್ತರಗಳಲ್ಲಿ ಇದು ಒಂದು ಎಂದು ನನ್ನ ಲೆಕ್ಕ. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ನಿಗಮ ರೈತರಿಂದ ಏನನ್ನು ಹೇರಳವಾಗಿ ಕೊಂಡಿತೋ ಅದೇ ಕಾರ್ಡಿಗೆ ಬಂತು: ಅಕ್ಕಿ, ಗೋಧಿ.

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಶ್ರೀರಾಮ ಅಕ್ಕಿ, ರಾಗಿ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಯನ್ನು ಮೆಚ್ಚುತ್ತಾನೆ. ಗೋದಾಮಿನಲ್ಲಿಡಲು ಅದಕ್ಕಿಂತ ಒಳ್ಳೆಯ ಧಾನ್ಯ ಯಾವುದು? ಆದರೂ ಕಾರ್ಡಿಗೆ ರಾಗಿ ಬರುತ್ತದೆ, ಹೋಗುತ್ತದೆ, ನೆಂಟರ ಹಾಗೆ. ಅಕ್ಕಿ ಮಾತ್ರ ಮನೆ ಮಗ.

ಹಾಗೆಂದು ಚೀಲದಲ್ಲಿ ಬರೀ ಧಾನ್ಯವೇ ಇತ್ತೆನ್ನುವಂತಿಲ್ಲ. ಸಕ್ಕರೆ, ಸೀಮೆಎಣ್ಣೆ, ಹಬ್ಬ ಬಂದರೆ ತಾಳೆಎಣ್ಣೆ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಹಸಿರು ಕಾರ್ಡಿನ ಬಡವರಿಗೆ ಸೀರೆ, ಪಂಚೆಗಳೂ ಕಡಿಮೆ ಬೆಲೆಗೆ ಸಿಕ್ಕವು. ಸೀಮೆಎಣ್ಣೆಯ ಸಾಲು ನೆನಪಿರುವವರು ಈಗಲೂ ಇದ್ದಾರೆ: ಡಬ್ಬಗಳನ್ನು ಸಾಲಿನಲ್ಲಿಟ್ಟು, ತಮ್ಮ ಡಬ್ಬಕ್ಕೆ ಕಲ್ಲಿನ ಗುರುತು ಮಾಡಿ, ಪಕ್ಕದ ಕಟ್ಟೆಯಲ್ಲಿ ಕುಳಿತು ಮಾತಾಡುತ್ತಿದ್ದರು. ಮನೆಗೆ ಗ್ಯಾಸ್ ಬಂದರೆ ಕಾರ್ಡಿನ ಮೇಲೆ ಸೀಲು ಬೀಳುತ್ತಿತ್ತು, ಸೀಮೆಎಣ್ಣೆಗೆ ಕತ್ತರಿ. 1997ರಲ್ಲಿ ದೇಶದೆಲ್ಲೆಡೆ ಕಾರ್ಡುಗಳು ಎರಡಾದವು, ಬಡತನದ ಗೆರೆಯ ಕೆಳಗೆ, ಮೇಲೆ.

ಏನು ಕೊಡಬೇಕು ಎಂಬ ವಿಷಯದಲ್ಲಿ ಅಮೆರಿಕದ ದಾರಿ ಬೇರೆ. ಅಲ್ಲಿ ಬಡವರಿಗೆ ಸಿಗುವುದು ಧಾನ್ಯವಲ್ಲ, ಆಹಾರಕ್ಕೆಂದೇ ಮೀಸಲಾದ ಹಣ. ಆ ಹಣದಲ್ಲಿ ಹಾಲು, ಮೊಟ್ಟೆ, ಮಾಂಸ, ತರಕಾರಿ ಕೊಳ್ಳಬಹುದು. ಮನೆಯಲ್ಲಿ ಬೆಳೆದುಕೊಳ್ಳಲು ತರಕಾರಿ ಬೀಜವನ್ನೂ ಕೊಳ್ಳಬಹುದು. ಸಾಬೂನು, ಸಿಗರೇಟು, ಮದ್ಯ, ಅಂಗಡಿಯವರು ಬಿಸಿಬಿಸಿ ಮಾಡಿಟ್ಟ ಅಡುಗೆ ಕೂಡದು. 1939ರಲ್ಲಿ ರೋಚೆಸ್ಟರ್ ಪಟ್ಟಣದಲ್ಲಿ ಇದು ಆರಂಭವಾದಾಗ ಚೀಟಿಗೆ ಎರಡು ಬಣ್ಣ: ಕಿತ್ತಳೆ ಚೀಟಿಗೆ ಇಷ್ಟಬಂದ ಆಹಾರ, ನೀಲಿ ಚೀಟಿಗೆ ದೇಶದಲ್ಲಿ ಬೆಳೆದು ಮಿಕ್ಕಿದ್ದು ಮಾತ್ರ. ನಮ್ಮ ಕಾರ್ಡು ಮೊದಲಿಂದಲೂ ನೀಲಿಯೇ. ಬಿಸಿ ಊಟಕ್ಕೆ ನಮ್ಮಲ್ಲಿ ಕಾರ್ಡೇ ಬೇಡ, ಅದು ಬೇರೆ ಖಾತೆ: 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ಬಂತು, ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು.

ಮತ್ತೆ ಕಾರ್ಡಿಗೆ ಬಂದರೆ, 2013ರ ಜುಲೈ 10ರಂದು ರಾಜ್ಯದ ಅನ್ನಭಾಗ್ಯ ಯೋಜನೆ. ಅಕ್ಕಿ ಕಿಲೋಗೆ ಒಂದು ರೂಪಾಯಿ, ಮೂರು ಜನಕ್ಕಿಂತ ಕಡಿಮೆಯಿಲ್ಲದ ಮನೆಗೆ 30 ಕಿಲೋ, 2015ರಿಂದ ಉಚಿತ. ಹೆಸರಲ್ಲೇ ಅನ್ನವಿದೆ ನೋಡಿ. 'ಮುದ್ದೆಭಾಗ್ಯ' ಎಂದು ಯಾರೂ ಇಡಲಿಲ್ಲ. 2023ರಲ್ಲಿ ತಲೆಗೆ ಹತ್ತು ಕಿಲೋ ಕೊಡುವುದಾಗಿ ರಾಜ್ಯ ಹೇಳಿತು. ಆಹಾರ ನಿಗಮದಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಆಗ ಹೆಚ್ಚುವರಿ ಐದು ಕಿಲೋ ಬದಲು, ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಿತ್ತು.

ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ವಿಚಿತ್ರವಾದ ಕಾಲ ಅದು. ಒಂದೂವರೆ ವರ್ಷ ಚೀಲದ ಜೊತೆಗೆ ಆಯ್ಕೆಯೂ ಮನೆಗೆ ಬಂದಿತ್ತು. ಐದು ಜನರಿದ್ದರೆ 850 ರೂಪಾಯಿ. ರಸೆಲ್ ಮಾರ್ಕೆಟ್ಟಿನಲ್ಲಿ ಮಾಂಸ ತರಬಹುದಿತ್ತು, ಸಿಲಿಂಡರಿಗೆ ಸೇರಿಸಬಹುದಿತ್ತು, ಮಗುವಿಗೆ ನೋಟುಬುಕ್ಕೂ ಆಗುತ್ತಿತ್ತು. ಕುಡಿತಕ್ಕೆ ಹೋಗುತ್ತದೆ ಎಂದು ಗೊಣಗಿದವರು ಹಲವರು. ಹಣ ಮನೆಯೊಡತಿಯ ಖಾತೆಗೆ ಹೋಗುತ್ತದೆ ಎಂಬುದನ್ನು ಅವರು ಮರೆತಿದ್ದರು. 2025ರ ಆರಂಭದಲ್ಲಿ ಕೇಂದ್ರ ಕಿಲೋಗೆ 22 ರೂಪಾಯಿ 50 ಪೈಸೆಯಂತೆ ಅಕ್ಕಿ ಕೊಡಲು ಒಪ್ಪಿತು, ಹಣ ನಿಂತು ಮತ್ತೆ ಅಕ್ಕಿಯೇ ಬಂತು.

ಅಕ್ಕಿಯೂ ಹಳೆಯ ಅಕ್ಕಿಯಾಗಿ ಉಳಿಯಲಿಲ್ಲ. ನೂರಕ್ಕೊಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳು ಬೆರೆಸತೊಡಗಿದರು. ಮೊರದಲ್ಲಿ ಆರಿಸುವಾಗ ಕಣ್ಣಿಗೆ ಬೇರೆಯಾಗಿ ಕಂಡು, ಪ್ಲಾಸ್ಟಿಕ್ ಎಂದು ಎಸೆದವರು ಬಹಳ. ಔಷಧಿಯಂಥ ಕಾಳು ಕಸಕ್ಕೆ. ಬೆರೆಸಿದ್ದೇಕೆಂದು ಅವರಿಗೆ ಮೊದಲೇ ಹೇಳಬೇಕಿತ್ತಲ್ಲವೇ? ಉಳಿದ ಅಕ್ಕಿ ದೋಸೆ ಹಿಟ್ಟಿಗೆ. ದೋಸೆಗೆ ರೇಷನ್ ಅಕ್ಕಿಯೇ ಸರಿ ಎನ್ನುವವರು ಇಂದಿರಾನಗರದ ದೊಡ್ಡ ಮನೆಗಳಲ್ಲೂ ಇದ್ದಾರೆ. ಅದು ಅವರ ಅಡುಗೆಮನೆಗೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ಪಡಿತರ ಮಾರುವುದು ಅಪರಾಧ, ಕಾರ್ಡು ರದ್ದಾಗುತ್ತದೆ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಮತ್ತೆ ಮನಸ್ಸು ಬದಲಿಸಿತು: ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಕಿಟ್. ಈ ಸುದ್ದಿ ಬಂದ ದಿನಗಳಲ್ಲಿ ನಮ್ಮ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿ ಹೆಬ್ಬೆರಳು ಒತ್ತುತ್ತಾ ಅಂಗಡಿಯವನಿಗೆ ಹೇಳಿದರು: "ಬೇಳೆ ಕೊಟ್ರೆ ಬೇಗ ಬೇಯೋದು ಕೊಡಕ್ಕೆ ಹೇಳಪ್ಪ. ಸೀಮೆಎಣ್ಣೆ ನಿಲ್ಲಿಸಿಬಿಟ್ರಿ, ಗ್ಯಾಸು ಕಾರ್ಡಲ್ಲಿ ಬರಲ್ಲ."