ತಕ್ಕಡಿಯಲ್ಲಿ ಪರಮಾಣು



ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಹೈಸ್ಕೂಲು ಓದುವ ಮಗುವೊಂದಿದ್ದರೆ ಒಂದು ದೂರು ತಪ್ಪದೆ ಕೇಳಿಬರುತ್ತದೆ: “ಕೆಮಿಸ್ಟ್ರಿ ಬರೀ ಬಾಯಿಪಾಠ.” 118 ಧಾತುಗಳು, ಅವುಗಳ ಸಂಕೇತ, ಸಂಖ್ಯೆ, ಸಾಲದ್ದಕ್ಕೆ ಮೋಲ್ ಎಂಬ ಇನ್ನೊಂದು ಕಾಟ. ಪರೀಕ್ಷೆ ಮುಗಿದ ಮರುದಿನ ಎಲ್ಲವೂ ಮರೆತು ಹೋಗುತ್ತದೆ. ಆದರೆ ಈ ಶಾಸ್ತ್ರ ಬೆಳೆದದ್ದು ತಕ್ಕಡಿಯ ಆಸರೆಯಲ್ಲಿ. ಆದ್ದರಿಂದ ಇವತ್ತು ಪುಸ್ತಕವನ್ನು ಪಕ್ಕಕ್ಕಿಟ್ಟು, ತಕ್ಕಡಿಯನ್ನೇ ನಂಬಿ ಬದುಕುವ ಒಂದು ಬೀದಿಗೆ ಹೋಗೋಣ.

ಅದು ಸೂರತ್‌ನ ಮಹೀಧರಪುರ. ವಜ್ರದ ವ್ಯಾಪಾರ ಇಲ್ಲಿ ಬೀದಿಯಲ್ಲೇ ನಡೆಯುತ್ತದೆ. ಕೈಯಲ್ಲಿ ಮಡಿಸಿದ ಕಾಗದದ ಪೊಟ್ಟಣ, ಚಿಮಟ, ಭೂತಗನ್ನಡಿ, ಪುಟ್ಟದೊಂದು ಎಲೆಕ್ಟ್ರಾನಿಕ್ ತಕ್ಕಡಿ. ತೂಕ ಹೇಳುವುದು ಕ್ಯಾರಟ್‌ನಲ್ಲಿ. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅಂದರೆ ಗ್ರಾಮಿನ ಐದನೆಯ ಒಂದು ಪಾಲು. ಅದರ ನೂರನೆಯ ಒಂದು ಭಾಗಕ್ಕೆ ಪಾಯಿಂಟ್ ಎಂದು ಹೆಸರು. ಬರೀ 2 ಮಿಲಿಗ್ರಾಂ. 1907ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಈ ಲೆಕ್ಕವನ್ನು ಒಪ್ಪಿತು. ಅದಕ್ಕೆ ಮೊದಲು ಊರಿಗೊಂದು ಕ್ಯಾರಟ್ ಇತ್ತು. ಹೆಸರು ಬಂದದ್ದು ಕ್ಯಾರಬ್ ಎಂಬ ಮರದ ಬೀಜದಿಂದ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರಲ್ಲ, ಅದೇ ರೀತಿ.

ಒಡವೆ ಕೊಳ್ಳುವವರು ಇಲ್ಲೊಂದು ಮಾತು ನೆನಪಿಡಬೇಕು. ಚಿನ್ನದ ಕ್ಯಾರಟ್ ಬೇರೆ, ವಜ್ರದ ಕ್ಯಾರಟ್ ಬೇರೆ. 22 ಕ್ಯಾರಟ್ ಚಿನ್ನವೆಂದರೆ 24 ಭಾಗದಲ್ಲಿ 22 ಭಾಗ ಚಿನ್ನ. ಅದು ಶುದ್ಧತೆಯ ಲೆಕ್ಕ. ವಜ್ರದ್ದು ತೂಕದ ಲೆಕ್ಕ. (ತರಕಾರಿ ಕ್ಯಾರೆಟ್ಟಿಗೂ ಇವೆರಡಕ್ಕೂ ಸಂಬಂಧವಿಲ್ಲ!)

ಈ ವಜ್ರ ಯಾವುದರಿಂದ ಆಗಿದೆ? ಇದ್ದಿಲಿನಲ್ಲಿರುವ ಇಂಗಾಲದಿಂದಲೇ. ಇದನ್ನು ಖಚಿತಪಡಿಸಿದ್ದೂ ತಕ್ಕಡಿಯೇ. 1797ರಲ್ಲಿ ಸ್ಮಿತ್ಸನ್ ಟೆನೆಂಟ್ ಎಂಬ ಇಂಗ್ಲಿಷ್ ವಿಜ್ಞಾನಿ ವಜ್ರವನ್ನು ಸುಟ್ಟು, ಬಂದ ಅನಿಲವನ್ನು ಅಳೆದರು. ಅಷ್ಟೇ ತೂಕದ ಇದ್ದಿಲನ್ನು ಸುಟ್ಟರೆ ಎಷ್ಟು ಇಂಗಾಲಾಮ್ಲ ಅನಿಲ ಬರುತ್ತದೋ ವಜ್ರದಿಂದಲೂ ಅಷ್ಟೇ ಬಂದಿತ್ತು. ಇದ್ದಿಲಿಗೂ ವಜ್ರಕ್ಕೂ ಪರಮಾಣು ಒಂದೇ, ಜೋಡಣೆ ಬೇರೆ.

ಇನ್ನು ಮೋಲ್ ಎಂಬ ಕಾಟಕ್ಕೆ ಬರೋಣ. ಒಂದು ಚೀಲದ ತುಂಬ ಒಂದೇ ಬಗೆಯ ನಾಣ್ಯಗಳಿವೆ ಎಂದುಕೊಳ್ಳಿ. ಕೂತು ಎಣಿಸಬೇಕಾಗಿಲ್ಲ. ಒಂದು ನಾಣ್ಯದ ತೂಕ ಗೊತ್ತಿದ್ದರೆ, ಚೀಲವನ್ನು ತೂಗಿ ಭಾಗಿಸಿದರಾಯಿತು. ಪರಮಾಣುಗಳನ್ನು ಎಣಿಸುವುದೂ ಹೀಗೆಯೇ. ಆವರ್ತ ಕೋಷ್ಟಕದಲ್ಲಿ ಇಂಗಾಲದ ಪರಮಾಣು ತೂಕ 12 ಎಂದಿರುತ್ತದೆ. 12 ಗ್ರಾಂ ಇಂಗಾಲದಲ್ಲಿ ಎಷ್ಟು ಪರಮಾಣುಗಳಿರುತ್ತವೋ ಅಷ್ಟಕ್ಕೆ ಒಂದು ಮೋಲ್ ಎಂದು ಹೆಸರಿಟ್ಟರು. ಹನ್ನೆರಡಕ್ಕೆ ಡಜನ್ ಎನ್ನುವುದಿಲ್ಲವೇ, ಹಾಗೆ. ಆ ಸಂಖ್ಯೆ 6022ರ ಮುಂದೆ 20 ಸೊನ್ನೆ ಬರೆದಷ್ಟು. 2019ರ ಮೇ 20ರಿಂದ ಮೋಲ್ ಅನ್ನು ಇಂಗಾಲದ ತೂಕಕ್ಕೆ ಕಟ್ಟಿಹಾಕದೆ, ಸಂಖ್ಯೆಯನ್ನೇ ನಿಗದಿ ಮಾಡಿದ್ದಾರೆ. ಪ್ಯಾರಿಸ್ ಬಳಿ ಕಾಪಿಟ್ಟಿದ್ದ ಕಿಲೋಗ್ರಾಮಿನ ಲೋಹದ ಬೊಟ್ಟಿಗೂ ಅಂದೇ ನಿವೃತ್ತಿಯಾಯಿತು.

ಈಗ ಲೆಕ್ಕ ಹಾಕಿ. ಒಂದು ಕ್ಯಾರಟ್ ವಜ್ರ 0.2 ಗ್ರಾಂ. ಅದನ್ನು 12ರಿಂದ ಭಾಗಿಸಿ, ಆ ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಬರುವುದು ಹೆಚ್ಚುಕಡಿಮೆ 1ರ ಮುಂದೆ 22 ಸೊನ್ನೆ. ಕೋಟಿಯನ್ನು ಕೋಟಿಯಿಂದ ಗುಣಿಸಿ, ಮತ್ತೆ ಹತ್ತು ಕೋಟಿಯಿಂದ ಗುಣಿಸಿದಷ್ಟು! ಭಾರತದ 140 ಕೋಟಿ ಜನರೂ ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸಿದರೂ ಎರಡು ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ತಕ್ಕಡಿಗೆ ಒಂದು ಕ್ಷಣ ಸಾಕು.

ಆದರೆ ಸೂರತ್‌ಗೆ ಈಚೆಗೆ ತಕ್ಕಡಿಯಿಂದ ಬಗೆಹರಿಯದ ಸಮಸ್ಯೆಯೊಂದು ಬಂದಿದೆ. ಯಂತ್ರದೊಳಗೆ ಮೀಥೇನ್ ಮತ್ತು ಜಲಜನಕದ ಅನಿಲ ತುಂಬಿ, ತೆಳುವಾದ ವಜ್ರದ ಬಿಲ್ಲೆಯ ಮೇಲೆ ಪರಮಾಣುಗಳನ್ನು ಕೂರಿಸಿ ವಜ್ರ ಬೆಳೆಸುತ್ತಾರೆ. ಇದು ನಕಲಿಯಲ್ಲ, ನಿಜವಾದ ವಜ್ರವೇ. ಗಡಸುತನ, ಸಾಂದ್ರತೆ ಎಲ್ಲ ಒಂದೇ. ಬೆಲೆ ಮಾತ್ರ ಬಹಳ ಕಡಿಮೆ. ಗಣಿಯ ವಜ್ರಗಳ ಪೊಟ್ಟಣದಲ್ಲಿ ಇವನ್ನು ಬೆರೆಸಿದರೆ ಅನುಭವಿ ಕಣ್ಣಿಗೂ ತಿಳಿಯುವುದಿಲ್ಲ. ಮಗಳ ಮದುವೆಗೆಂದು ಉಂಗುರ ಕೊಳ್ಳುವವರು ಏನು ಮಾಡಬೇಕು?

ಇಲ್ಲಿ ನೆರವಿಗೆ ಬರುವುದು ಮಕ್ಕಳು ಶಪಿಸುವ ಆವರ್ತ ಕೋಷ್ಟಕ. ಇಂಗಾಲದ ಮನೆ ಸಂಖ್ಯೆ 6. ಒಂದು ಪಕ್ಕದ ಮನೆ, 5, ಬೋರಾನ್. ಇನ್ನೊಂದು ಪಕ್ಕದ್ದು, 7, ಸಾರಜನಕ. ಗಾತ್ರದಲ್ಲಿ ಹತ್ತಿರದವರಾದ್ದರಿಂದ ವಜ್ರದ ಚೌಕಟ್ಟಿನೊಳಗೆ ಇಂಗಾಲದ ಜಾಗದಲ್ಲಿ ನುಸುಳಬಲ್ಲರು. ಸಾರಜನಕ ನುಸುಳಿದರೆ ವಜ್ರಕ್ಕೆ ಹಳದಿ ಛಾಯೆ, ಬೋರಾನ್ ಬಂದರೆ ನೀಲಿ. ಗೋಲ್ಕೊಂಡ ಸೀಮೆಯಿಂದ ಹೋದ ಹೋಪ್ ವಜ್ರದ ನೀಲಿಗೆ ಬೋರಾನ್ ಕಾರಣ. ಭೂಗರ್ಭದಲ್ಲಿ ಕೋಟ್ಯಂತರ ವರ್ಷ ಬೆಂದ ಬಹುತೇಕ ವಜ್ರಗಳಲ್ಲಿ ಸಾರಜನಕದ ಪರಮಾಣುಗಳು ಗುಂಪುಗೂಡಿರುತ್ತವೆ. ಮೀಥೇನ್‌ನಿಂದ ಬೆಳೆದ ವಜ್ರದಲ್ಲಿ ಆ ಗುಂಪು ಇರುವುದಿಲ್ಲ. ಪರೀಕ್ಷಾ ಯಂತ್ರಗಳು ಬೆಳಕು ಹಾಯಿಸಿ ಹುಡುಕುವುದು ಮುಖ್ಯವಾಗಿ ಇದನ್ನೇ. ಗುಂಪು ಸಿಗದ ವಜ್ರವನ್ನು ಇನ್ನೂ ಸೂಕ್ಷ್ಮವಾದ ಪರೀಕ್ಷೆಗೆ ಕಳಿಸುತ್ತವೆ. ಆದ್ದರಿಂದ ತೂಕದ ಚೀಟಿಯ ಜೊತೆಗೆ ಪ್ರಯೋಗಾಲಯದ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಈ ಕೋಷ್ಟಕವನ್ನು 1869ರಲ್ಲಿ ಹೊಂದಿಸಿದ ರಷ್ಯದ ಮೆಂಡಲೀವ್ ಅವರಿಗೆ ಗೊತ್ತಿದ್ದುದು ಅರವತ್ತಮೂರು ಧಾತುಗಳಷ್ಟೇ. ತೂಕದ ಕ್ರಮದಲ್ಲಿ ಇಡುತ್ತಾ ಹೋದಾಗ ಸ್ವಭಾವ ಹೊಂದದ ಕಡೆ ಜಾಗ ಖಾಲಿ ಬಿಟ್ಟರು; ಆ ಖಾಲಿ ಜಾಗಗಳಿಗೆ ಸಂಸ್ಕೃತದ ‘ಏಕ’ ಸೇರಿಸಿ ಹೆಸರಿಟ್ಟರು. ಏಕ-ಅಲ್ಯೂಮಿನಿಯಂ 1875ರಲ್ಲಿ ಫ್ರಾನ್ಸ್‌ನಲ್ಲಿ ಸಿಕ್ಕಿತು, ಗ್ಯಾಲಿಯಂ ಎಂಬ ಹೆಸರಿನಲ್ಲಿ. ಕಂಡುಹಿಡಿದವರು ಸಾಂದ್ರತೆ 4.7 ಎಂದರು. ವಸ್ತುವನ್ನು ಕಣ್ಣಾರೆ ಕಾಣದ ಮೆಂಡಲೀವ್, “5.9ರ ಸುಮಾರು ಇರಬೇಕು, ಇನ್ನೊಮ್ಮೆ ಅಳೆಯಿರಿ” ಎಂಬರ್ಥದಲ್ಲಿ ಬರೆದರು. ಶುದ್ಧಗೊಳಿಸಿ ಅಳೆದಾಗ 5.9 ಬಂತು! ತಕ್ಕಡಿಯಿಂದ ಹುಟ್ಟಿದ ಕೋಷ್ಟಕ ತಕ್ಕಡಿಯನ್ನೇ ತಿದ್ದಿತು.

ತೂಕದ ಕ್ರಮದಲ್ಲಿ ಒಂದೆರಡು ತೊಡಕು ಉಳಿದಿದ್ದವು. ಟೆಲ್ಯೂರಿಯಂ ಅಯೋಡಿನ್‌ಗಿಂತ ಭಾರ, ಆದರೂ ಅದರ ಹಿಂದೆ ಕೂರಬೇಕು. 1913ರಲ್ಲಿ ಮೋಸ್ಲಿ ಎಂಬ ತರುಣ ವಿಜ್ಞಾನಿ, ಪ್ರತಿ ಧಾತು ಹೊಮ್ಮಿಸುವ ಎಕ್ಸ್-ಕಿರಣ ಅದರ ಪರಮಾಣು ಸಂಖ್ಯೆಯನ್ನು ಹೇಳುತ್ತದೆ ಎಂದು ತೋರಿಸಿದರು. ಅದರಿಂದ ಸಾಲು ಸರಿಹೋಯಿತು.

ಮೋಸ್ಲಿಯ ಈ ಉಪಾಯ ಅಹಮದಾಬಾದಿನಿಂದ ಚಂದ್ರನವರೆಗೂ ಹೋಗಿದೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ರೋವರ್‌ನಲ್ಲಿ, ವಿಕ್ರಂ ಸಾರಾಭಾಯ್ 1947ರಲ್ಲಿ ಸ್ಥಾಪಿಸಿದ ಭೌತ ಸಂಶೋಧನಾ ಪ್ರಯೋಗಾಲಯದವರು ಮಾಡಿದ ಉಪಕರಣವಿತ್ತು. ಅದರೊಳಗಿನ ಕ್ಯೂರಿಯಂನ ಕಿರಣಗಳು ಚಂದ್ರನ ಮಣ್ಣಿಗೆ ತಗುಲಿದಾಗ, ಅಲ್ಲಿನ ಪರಮಾಣುಗಳು ತಮ್ಮ ತಮ್ಮ ಎಕ್ಸ್-ಕಿರಣ ಹೊಮ್ಮಿಸಿ ಗುರುತು ಹೇಳುತ್ತವೆ. ರೋವರ್ ಸಾಗಿದ ನೂರು ಮೀಟರಿನಷ್ಟು ಹಾದಿಯಲ್ಲಿ 23 ಸಲ ಹೀಗೆ ಅಳೆದರು. ಅದೇ ರೋವರ್‌ನಲ್ಲಿ ಲೇಸರ್ ಹಾಯಿಸಿ ಗಂಧಕವನ್ನು ಪತ್ತೆ ಮಾಡಿದ ಇನ್ನೊಂದು ಉಪಕರಣ ನಮ್ಮ ಬೆಂಗಳೂರಿನದು. ಉಡುಪಿಯ ಅದಮಾರಿನ ಯು.ಆರ್. ರಾವ್ ಅವರು ಸಾರಾಭಾಯ್ ಅವರ ಶಿಷ್ಯರಾಗಿ ಸಂಶೋಧನೆ ಮಾಡಿದ್ದು ಈ ಅಹಮದಾಬಾದ್ ಪ್ರಯೋಗಾಲಯದಲ್ಲೇ ಎನ್ನುವುದನ್ನು ಇಲ್ಲಿ ನೆನೆಯಬಹುದು.

ವಡೋದರಾದವರು ಮುನಿಸಿಕೊಳ್ಳಬಾರದು. ಸೂರತ್‌ನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ್ ಗಜ್ಜರ್, ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ 1890ರಲ್ಲಿ ಅಲ್ಲಿ ಕಲಾಭವನ ಕಟ್ಟಿದರು. ಬಣ್ಣಗಾರಿಕೆಯಂಥ ಕಸುಬಿನ ಶಾಸ್ತ್ರವನ್ನು ಗುಜರಾತಿಯಲ್ಲೇ ಕಲಿಸಬೇಕೆಂಬುದು ಅವರ ಹಟ. ನಮ್ಮಲ್ಲೂ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಇದೇ ಹಟದಿಂದ ನಡೆಸಿದರು. ಶಾಲೆಯಲ್ಲಿ ಹೈಡ್ರೋಜನ್ ಎಂದು ಕಲಿತ ಮಗುವಿಗೆ ಮನೆಯಲ್ಲಿ ಒಮ್ಮೆ ‘ಜಲಜನಕ’ ಎಂದು ಹೇಳಿ ನೋಡಿ. ಉರಿದಾಗ ನೀರು ಹುಟ್ಟಿಸುತ್ತದೆ ಎಂಬ ಪಾಠ ಆ ಹೆಸರಿನಲ್ಲೇ ಇದೆ.

ಅಡುಗೆಮನೆಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಿದ್ದರೆ ಈ ಭಾನುವಾರ ಒಂದು ಕೆಲಸ ಮಾಡಿ. ಸೋಡಿಯಂ 23, ಕ್ಲೋರಿನ್ 35.5, ಕೂಡಿದರೆ 58.5. ಅಷ್ಟು ಗ್ರಾಂ ಗುಜರಾತಿನ ಉಪ್ಪನ್ನು ಒಂದು ಬಟ್ಟಲಿಗೆ ಹಾಕಿ. ಇನ್ನೊಂದಕ್ಕೆ 18 ಗ್ರಾಂ ನೀರು, ನಾಲ್ಕು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಮೂರನೆಯದಕ್ಕೆ 342 ಗ್ರಾಂ ಸಕ್ಕರೆ. ಮೂರೂ ಒಂದೊಂದು ಮೋಲ್. ಇಷ್ಟು ನೀರಿಗೆ ಅಷ್ಟೊಂದು ಸಕ್ಕರೆ ಹೇಗೆ ಸಮವಾಯಿತು ಎಂದು ಮಗುವನ್ನೇ ಕೇಳಿ. ಉತ್ತರ ಬಂದ ಮೇಲೆ ಸಕ್ಕರೆಯನ್ನು ಡಬ್ಬಿಗೆ ಸುರಿದುಬಿಡಿ.