ಮಾತಾಡುವ ಫೋನಿಗೆ ಹೊಲದ ಪ್ರಶ್ನೆ



ಈ ಹೊತ್ತು ನಾನು ಬೀಜದ ವಿಷಯ ಹೇಳುವವನಲ್ಲ, ಗೊಬ್ಬರದ ವಿಷಯವನ್ನೂ ಹೇಳುವವನಲ್ಲ. ಬೀಜ, ಗೊಬ್ಬರ, ರೋಗ, ಪೇಟೆಯ ದರ, ಇವೆಲ್ಲವನ್ನೂ ನೀವು ಈಚೆಗೆ ಯಾರನ್ನು ಕೇಳುತ್ತಿದ್ದೀರೋ ಅವನ ವಿಷಯ ಹೇಳಬೇಕಾಗಿದೆ. ಅಂದರೆ ನಿಮ್ಮ ಜೇಬಿನಲ್ಲಿರುವ ಫೋನಿನ ವಿಷಯ. ಭಾಲ್ಕಿ, ಔರಾದ, ಬೀದರ ಕಡೆಯ ಹಳ್ಳಿಗಳಲ್ಲಿ ಈಗ ಓದು ಬಾರದ ಹಿರಿಯರು ಕೂಡ ಗುಂಡಿ ಒತ್ತಿ ಬಾಯಿಂದಲೇ ಪ್ರಶ್ನೆ ಕೇಳಬಹುದು. ಅದು ಕನ್ನಡದಲ್ಲೇ ಉತ್ತರ ಹೇಳುತ್ತದೆ. ಬಹಳ ಒಳ್ಳೆಯ ಅನುಕೂಲ. ಆದರೆ ಎತ್ತು ಒಳ್ಳೆಯದಾದರೂ ಅದರ ಗುಣ ತಿಳಿಯದೆ ನೊಗ ಹೂಡಬಾರದಷ್ಟೆ.

ಈ ಯಂತ್ರ ಮಾಡುವ ಕೆಲಸ ಇಷ್ಟು. ಮೊದಲು ನಿಮ್ಮ ದನಿಯನ್ನು ಅಕ್ಷರವಾಗಿ ಬರೆದುಕೊಳ್ಳುತ್ತದೆ. ಆಮೇಲೆ ಆ ಬರಹದ ಅರ್ಥ ಇಂಥದ್ದಿರಬೇಕು ಎಂದು ಲೆಕ್ಕ ಹಾಕುತ್ತದೆ. ಕೊನೆಗೆ ಉತ್ತರವನ್ನು ಹುಡುಕಿ ಅಥವಾ ತಾನೇ ಹೆಣೆದು ದನಿಯಲ್ಲಿ ಹೇಳುತ್ತದೆ. ತೊಡಕು ಬರುವುದು ನಡುವಿನ ಕೆಲಸದಲ್ಲಿ. ಒಂದು ಮಾತಿಗೆ ಎರಡು ಅರ್ಥವಿದ್ದರೆ ಯಂತ್ರದ ಮುಂದೆ ಮುಖ್ಯವಾಗಿ ಎರಡು ದಾರಿ. ಹೆಚ್ಚು ಜನ ಯಾವ ಅರ್ಥದಲ್ಲಿ ಆಡುತ್ತಾರೋ ಅದನ್ನೇ ಹಿಡಿಯುವುದು ಒಂದು, "ಯಾವುದಪ್ಪಾ ನಿನ್ನ ಮಾತು?" ಎಂದು ತಿರುಗಿ ಕೇಳುವುದು ಇನ್ನೊಂದು. ತಿರುಗಿ ಕೇಳುವ ವಿದ್ಯೆ ಅದಕ್ಕೆ ಬರುತ್ತದೆ. ಆದರೂ ಥಟ್ಟನೆ ಉತ್ತರ ಸಿಕ್ಕರೆ ಕೇಳುವವರಿಗೆ ಸಂತೋಷ. ಹೀಗಾಗಿ ಇಂಥ ಯಂತ್ರಗಳು ಊಹೆಯ ಕಡೆಗೇ ಹೆಚ್ಚು ವಾಲುತ್ತವೆ. ಊಹೆ ಮಾಡಿದ್ದೇನೆ ಎಂದು ಹೇಳುವುದೂ ಅಪರೂಪ.

ನಮ್ಮ ಹೆಸರು ಬೆಳೆಯನ್ನೇ ತೆಗೆದುಕೊಳ್ಳಿ. "ನನ್ನ ಹೆಸರು ಹಳದಿ ಆಗ್ಯಾದ" ಎಂದು ನೀವು ಕೇಳಿದರೆ, ಯಂತ್ರವು ನಿಮಗೆ ತಂದೆತಾಯಿ ಇಟ್ಟ ಹೆಸರಿನ ಗೋಜಿಗೆ ಬಿದ್ದರೆ ಆಶ್ಚರ್ಯವಿಲ್ಲ. ಹೆಸರು ಕಾಳು ಎನ್ನಿ, ಹೆಸರು ಬೆಳೆ ಎನ್ನಿ, ಗೊಂದಲ ಹೋಗುತ್ತದೆ. "ಎಣ್ಣಿ ಹೊಡಿಬೇಕು" ಎಂದರೆ ನಮಗೆ ಕೀಟನಾಶಕ. ಯಂತ್ರಕ್ಕೆ ಅಡಿಗೆ ಎಣ್ಣೆ ಆದೀತು. ಜೋಳ ಎಂದರೆ ನಮಗೆ ರೊಟ್ಟಿಯ ಬಿಳಿಜೋಳ. ಮೈಸೂರು ಸೀಮೆಯಲ್ಲಿ ಅನೇಕರು ಜೋಳ ಎಂದಾಗ ಮುಸುಕಿನ ಜೋಳ, ಅಂದರೆ ನಮ್ಮ ಮೆಕ್ಕೆಜೋಳ, ಮನಸ್ಸಿನಲ್ಲಿರುತ್ತದೆ. ಉತ್ತರಿ ಮಳೆ ಯಾವಾಗ ಎಂದು ಕೇಳಿದವನಿಗೆ ಉತ್ತರ ದಿಕ್ಕಿನ ಮಳೆಯ ಸುದ್ದಿ ಬರಬಹುದು.

ಇದು ನಮ್ಮ ಭಾಷೆಯ ದೋಷವಲ್ಲ. ನಮ್ಮ ಮಾತಿನಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ತೆಲುಗು ಬೆರೆತು ಬಂದಿವೆ. ಯಂತ್ರ ಕಲಿತದ್ದಾದರೋ ಬಹುಪಾಲು ಬರೆದಿಟ್ಟ ಕನ್ನಡದಿಂದ. ಬೀದರಿನ ಆಡುಮಾತು ಅದರ ಕಿವಿಗೆ ಬಿದ್ದದ್ದು ಕಡಿಮೆ. ನಿಜಾಮರ ಆಳಿಕೆಯಲ್ಲಿ ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿ ನಿಮಗೆಲ್ಲ ಗೊತ್ತು. ಫಲಕ ಓದಿ ಹೋದವನಿಗೆ ಅದು ಉರ್ದು ಶಾಲೆ, ಒಳಗೆ ಕಾಲಿಟ್ಟವನಿಗೆ ಕನ್ನಡ ಶಾಲೆ. ಫೋನಿನ ಯಂತ್ರವೂ ನಮ್ಮ ಮಾತಿನ ಫಲಕವನ್ನು ಓದುತ್ತದೆ. ಒಳಗೆ ಏನಿದೆ ಎಂಬುದನ್ನು ನಾವೇ ಬಾಯಿಬಿಟ್ಟು ಹೇಳಬೇಕು.

ಮಾತು ತಪ್ಪಿ ಕೇಳಿಸಿದರೆ ನಕ್ಕು ಇನ್ನೊಮ್ಮೆ ಕೇಳಬಹುದು. ಮಾತು ಸರಿಯಾಗಿ ಕೇಳಿಸಿ, ವಿವರ ಇಲ್ಲದೆ ಹೋದಾಗಲೇ ಬೆಳೆಗೆ ಅಪಾಯ.

ಒಬ್ಬ ರೈತ ತೊಗರಿ ಹೊಲದ ಬದುವಿನಲ್ಲಿ ನಿಂತು, "ತೊಗರಿ ಒಣಗ್ಲತ್ತದ, ಏನ್ ಹೊಡಿಬೇಕು?" ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಅವನ ಕಣ್ಣಿಗೆ ಹೊಲ ಕಾಣುತ್ತಿದೆ. ಯಂತ್ರಕ್ಕೆ ಕಾಣುತ್ತಿಲ್ಲ. ನಿನ್ನೆ ರಾತ್ರಿ ಎಂಥ ಮಳೆ ಬಿತ್ತು, ಹೊಲ ತಗ್ಗಿನದೋ ದಿಬ್ಬದ್ದೋ, ಹೋದ ವರ್ಷ ಅಲ್ಲಿ ಏನಿತ್ತು, ಒಂದೂ ಅದಕ್ಕೆ ತಿಳಿಯದು. ತೊಗರಿ ಒಣಗುವುದಕ್ಕೆ ಒಂದೇ ಕಾರಣವಿಲ್ಲ. ಎರೆ ಹೊಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದ್ದರೆ ಬಸಿಗಾಲುವೆ ತೆಗೆಯಬೇಕು. ತೇವ ಕಡಿಮೆಯಾಗಿ ಬಿಸಿಲು ಹೆಚ್ಚಾದಾಗ ಬರುವ ಒಣ ಬೇರುಕೊಳೆ ಬೇರೆ. ಸೊರಗು ರೋಗ, ಅಂದರೆ ನಮ್ಮವರು ನೆಟೆ ಎನ್ನುವುದು, ಇನ್ನೂ ಬೇರೆ. ಅದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ರೋಗ. ಗಿಡದ ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಗೆ ಕಂದು-ಕಪ್ಪು ಗೆರೆ ಕಾಣುತ್ತದೆ. 2022ರ ಹಂಗಾಮಿನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ತೊಗರಿಯನ್ನು ಈ ನೆಟೆ ಎಷ್ಟು ಹಾಳು ಮಾಡಿತೆಂಬುದನ್ನು ನೀವು ಮರೆತಿರಲಾರಿರಿ. ಒಮ್ಮೆ ಗಿಡಕ್ಕೆ ಹೊಕ್ಕ ಮೇಲೆ ಎಲೆಯ ಮೇಲೆ ಹೊಡೆಯುವ ಯಾವ ಔಷಧವೂ ಅದನ್ನು ಉಳಿಸದು. ಅದಕ್ಕೆ ಉಪಾಯ ಬಿತ್ತುವ ಮೊದಲೇ: ರೋಗ ತಡೆಯುವ ತಳಿ, ಟ್ರೈಕೊಡರ್ಮಾದಿಂದ ಬೀಜೋಪಚಾರ, ಜೋಳದಂಥ ಬೆಳೆಯೊಂದಿಗೆ ಹೊಲ ಬದಲಿಸುವುದು.

ಈಗ ಪ್ರಶ್ನೆಯನ್ನು ಮತ್ತೊಮ್ಮೆ ನೋಡಿರಿ. "ಏನ್ ಹೊಡಿಬೇಕು" ಎಂದು ಕೇಳಿದಾಗಲೇ ಹೊಡೆಯುವುದು ಏನೋ ಇದೆ ಎಂದು ನಾವು ತೀರ್ಮಾನಿಸಿಬಿಟ್ಟೆವು. ಯಂತ್ರವು ನಮ್ಮ ದಾಕ್ಷಿಣ್ಯಕ್ಕೆ ಸಿಕ್ಕವರಂತೆ ಯಾವುದೋ ಒಂದು ಔಷಧದ ಹೆಸರು ಹೇಳುತ್ತದೆ. ರೈತ ಅಂಗಡಿಗೆ ಹೋಗಿ ದುಡ್ಡು ಸುರಿಯುತ್ತಾನೆ. ಹೊಲದಲ್ಲಿ ನಿಂತ ನೀರು ಹಾಗೆಯೇ ನಿಂತಿರುತ್ತದೆ. ಆದುದರಿಂದ "ಏನು ಹೊಡೆಯಲಿ" ಎನ್ನುವುದಕ್ಕಿಂತ "ಯಾಕೆ ಒಣಗುತ್ತಿರಬಹುದು, ನಾನು ಏನೇನು ನೋಡಿ ಬರಲಿ" ಎಂದು ಕೇಳುವುದು ಮೇಲು.

ಎಲೆ ಹಳದಿಯಾಗುವುದೂ ಹೀಗೇ. ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಎಂದು ಸಂಶಯ ಪಡಬೇಕು. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ ಇದು ಉಂಟು. ಹೆಸರು, ಉದ್ದು, ಸೋಯಾ ಎಲೆಗಳಲ್ಲಿ ಹಳದಿ-ಹಸಿರು ಮಚ್ಚೆಗಳು ಬೆರೆತಿದ್ದರೆ ಅದು ಬಿಳಿನೊಣದಿಂದ ಹರಡುವ ಹಳದಿ ನಂಜು ರೋಗ. ಮೂರಕ್ಕೂ "ಹಳದಿ ಆಗ್ಯಾದ" ಎಂಬ ಒಂದೇ ಮಾತು! ಯಾವ ಬೆಳೆ, ಹಳೆ ಎಲೆಯೋ ಹೊಸದೋ, ಇಡೀ ಹೊಲವೋ ಅಲ್ಲೊಂದು ಇಲ್ಲೊಂದು ಗಿಡವೋ, ಇಷ್ಟು ಹೇಳಿದರೆ ಯಂತ್ರದ ಊಹೆ ಬಹಳ ಹತ್ತಿರ ಬರುತ್ತದೆ.

ಕಳೆಯ ವಿಷಯದಲ್ಲಂತೂ ಬೆಳೆಯ ಹೆಸರು ಹೇಳದೆ ಬಾಯಿ ತೆರೆಯಬೇಡಿರಿ. ಜೋಳದ ಹೊಲದ ಅಗಲ ಎಲೆಯ ಕಳೆಗೆ 2,4-ಡಿ ಎಂಬ ಕಳೆನಾಶಕವುಂಟು. ತೊಗರಿಯೂ ಸೋಯಾವೂ ಅಗಲ ಎಲೆಯ ಗಿಡಗಳೇ. ಅದನ್ನು ಅವಕ್ಕೆ ಹೊಡೆದರೆ ಕಳೆಯ ಜೊತೆ ಬೆಳೆಯೂ ಹೋಯಿತು. ನಮ್ಮಲ್ಲಿ ಸೋಯಾದ ಸಾಲುಗಳ ನಡುವೆ ತೊಗರಿ ಹಾಕುವ ರೂಢಿ ಬೇರೆ ಇದೆ. ಮೊದಲು ಜೋಳದ ಮಾತಾಡಿ, ಆಮೇಲೆ ಸೋಯಾ ಹೊಲದಲ್ಲಿ ನಿಂತು "ಅದಕ್ಕ ಕಳೆ ಔಷಧ ಯಾವುದು?" ಎಂದರೆ ಯಂತ್ರದ ಲೆಕ್ಕದಲ್ಲಿ "ಅದು" ಇನ್ನೂ ಜೋಳವೇ. ನಿಮ್ಮ ಬೆರಳು ಯಾವ ಕಡೆ ತೋರಿಸುತ್ತಿದೆ ಎಂಬುದು ಅದಕ್ಕೆ ಕಾಣದು. ಅದು, ಇದು, ಅಲ್ಲಿ, ಮೊನ್ನೆಯದು, ಈ ಮಾತುಗಳನ್ನು ಮನೆಯವರ ಜೊತೆಗೆ ಇಟ್ಟುಕೊಳ್ಳಿರಿ. ಹೊಸ ಪ್ರಶ್ನೆಗೆ ಹೊಸದಾಗಿ ಬೆಳೆಯ ಹೆಸರು ಹೇಳಿರಿ.

ಅಳತೆಯ ಮಾತಿಗೆ ಬರೋಣ. ನಾವು ಲೆಕ್ಕ ಮಾಡುವುದು ಎಕರೆ-ಗುಂಟೆಯಲ್ಲಿ. ವಿಶ್ವವಿದ್ಯಾನಿಲಯದ ಶಿಫಾರಸುಗಳು ಬಹಳ ಕಡೆ ಹೆಕ್ಟೇರಿನಲ್ಲಿರುತ್ತವೆ. ಒಂದು ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಮಳೆಯಾಶ್ರಿತ ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಎಂದು ಶಿಫಾರಸು. ಆ ರಂಜಕವನ್ನು ಡಿಎಪಿಯಿಂದ ಕೊಡುವುದಾದರೆ ಹೆಕ್ಟೇರಿಗೆ ಸುಮಾರು 109 ಕಿಲೋ, ಎಕರೆಗೆ 44 ಕಿಲೋ. ಅಂದರೆ ಎಕರೆಗೆ 50 ಕಿಲೋದ ಒಂದು ಚೀಲ ಕೂಡ ಪೂರ್ತಿ ಬೇಕಾಗಿಲ್ಲ. ಯಂತ್ರ 109 ಎಂದಿತು, ನಾವು ಎಕರೆಗೆ ಎಂದು ತಿಳಿದೆವು ಎನ್ನಿ. ಒಂದು ಚೀಲಕ್ಕೂ ಮಿಕ್ಕಿ ಮಣ್ಣುಪಾಲು. ಇನ್ನೊಂದು ಗೊಂದಲ, ಸಾರಜನಕ ಬೇರೆ ಯೂರಿಯಾ ಬೇರೆ. 100 ಕಿಲೋ ಯೂರಿಯಾದಲ್ಲಿ ಸಾರಜನಕ 46 ಕಿಲೋ ಮಾತ್ರ. "ಎಕರೆಗೆ ಎಷ್ಟು, ಯಾವ ಗೊಬ್ಬರದ ಎಷ್ಟು ಕಿಲೋ" ಎಂದು ಪೂರ್ತಿಯಾಗಿ ಕೇಳಬೇಕು. ಉತ್ತರ ಬಂದ ಮೇಲೂ "ಇದು ಎಕರೆಯ ಲೆಕ್ಕವೋ ಹೆಕ್ಟೇರಿನದೋ?" ಎಂದು ಒಂದು ಸಾರಿ ಚುಚ್ಚಿ ನೋಡಿರಿ.

ಊರಿನ ಹೆಸರೂ ಮೋಸ ಮಾಡುತ್ತದೆ. ನಮ್ಮ ಬೀದರ ಜಿಲ್ಲೆಯ ಔರಾದ ಒಂದು. ಗಡಿಯಾಚೆ ಲಾತೂರ ಜಿಲ್ಲೆಯ ಔರಾದ ಶಹಾಜನಿ ಇನ್ನೊಂದು. ಎರಡೂ ಕಡೆ ಮಾರುಕಟ್ಟೆಯುಂಟು. "ಔರಾದದಾಗ ಸೋಯಾ ರೇಟು ಎಷ್ಟು?" ಎಂದು ಕೇಳಿ ಟ್ರ್ಯಾಕ್ಟರ್ ಹೂಡುವ ಮೊದಲು ಅದು ಯಾವ ಔರಾದದ ದರ ಎಂದು ಕೇಳಿರಿ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯವರು ಬರೀ ಚಿಂಚೋಳಿ ಎಂದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಮಳೆಯ ವರದಿ ಬಂದೀತು. ದರ ಎಂಬ ಮಾತಿಗೂ ಮೂರು ಮುಖ: ಸರಕಾರದ ಬೆಂಬಲ ಬೆಲೆ, ಅಡತಿಯಲ್ಲಿ ಈ ಹೊತ್ತು ಕೂಗಿದ ಬೆಲೆ, ಕಿರಾಣಿ ಅಂಗಡಿಯ ಬೇಳೆಯ ಬೆಲೆ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8000 ರೂಪಾಯಿ, ಸೋಯಾದ್ದು 5328 ರೂಪಾಯಿ ಎಂದು ಗೊತ್ತುಮಾಡಿದ್ದರು. ಯಂತ್ರ ಈ ಅಂಕಿಯನ್ನು ಹೇಳಿದರೆ ಅಡತಿಯವರು ಅಷ್ಟೇ ಕೊಡುತ್ತಾರೆಂದು ಅರ್ಥವಲ್ಲ. ಯಾವ ತಾರೀಖಿನ ದರ ಎಂಬುದನ್ನೂ ಕೇಳಲೇಬೇಕು.

ಅಕ್ಕತಂಗಿಯರಿಗೆ ಒಂದು ಮಾತು. "ನನ್ನ ಎರಡು ಸಾವಿರ ಇನ್ನಾ ಬಂದಿಲ್ಲ" ಎಂದು ಫೋನಿಗೆ ಹೇಳಿದರೆ ಅದು ಯಾವ ಎರಡು ಸಾವಿರ? ಮನೆಯ ಯಜಮಾನಿಗೆ 2023ರಲ್ಲಿ ರಾಜ್ಯ ಸರಕಾರ ಆರಂಭಿಸಿದ ಗೃಹಲಕ್ಷ್ಮಿಯ ತಿಂಗಳ ಹಣವೂ ಎರಡು ಸಾವಿರ. ಪಿಎಂ-ಕಿಸಾನ್ ಯೋಜನೆಯ ವರ್ಷದ ಆರು ಸಾವಿರದಲ್ಲಿ ಒಂದೊಂದು ಕಂತೂ ಎರಡು ಸಾವಿರ. ಕೊಡುವವರು ಬೇರೆ, ಕಚೇರಿ ಬೇರೆ, ನಿಲ್ಲುವ ಕಾರಣವೂ ಬೇರೆ. ಪಿಎಂ-ಕಿಸಾನ್ ವಿಚಾರ ಕೇಳುವುದಕ್ಕೆಂದೇ ಕೇಂದ್ರ ಸರಕಾರ 2023ರ ಸೆಪ್ಟೆಂಬರಿನಲ್ಲಿ ಕಿಸಾನ್ ಇ-ಮಿತ್ರ ಎಂಬ ಮಾತಾಡುವ ಸಹಾಯಕನನ್ನು ತಂದಿತು. ಆ ಯಂತ್ರ ಆ ಯೋಜನೆಗಳ ಮಾತಿಗೆ ಮಾಡಿದ್ದು. ಗೃಹಲಕ್ಷ್ಮಿಯನ್ನು ಅದರ ಹತ್ತಿರ ಕೇಳಿದರೆ ಏನು ಹೇಳೀತು? ಯೋಜನೆಯ ಹೆಸರು ಮೊದಲು, ಹಣದ ಮಾತು ಆಮೇಲೆ. ಇನ್ನು ಬ್ಯಾಂಕಿನ ಗುಪ್ತ ಸಂಖ್ಯೆ, ಓಟಿಪಿ ಇವನ್ನು ಯಂತ್ರವೇ ಕೇಳಲಿ, ಮನುಷ್ಯರೇ ಕೇಳಲಿ, ಫೋನಿನಲ್ಲಿ ಹೇಳಕೂಡದು.

ಹಾಗಾದರೆ ಕೇಳುವ ರೀತಿ ಹೇಗೆ? ಒಂದು ಮಾದರಿ ಹೇಳುತ್ತೇನೆ. "ನಾನು ಬೀದರ ಜಿಲ್ಲೆ ಭಾಲ್ಕಿ ತಾಲ್ಲೂಕಿನವ. ಎರೆ ಹೊಲ, ಎರಡು ಎಕರೆ, ನೀರಾವರಿ ಇಲ್ಲ. ಜೂನ್ ಕೊನೆಗೆ ಸೋಯಾ ಬಿತ್ತಿದ್ದೇನೆ, ನಡುವೆ ತೊಗರಿ ಇದೆ. ಎಂಟು ದಿನದಿಂದ ತೊಗರಿ ಅಲ್ಲಲ್ಲಿ ಒಣಗುತ್ತಿದೆ, ಸೋಯಾ ಚೆನ್ನಾಗಿದೆ. ಹೋದ ವಾರ ಜೋರು ಮಳೆಯಾಗಿತ್ತು. ಇನ್ನೇನಾದರೂ ತಿಳಿಯಬೇಕಿದ್ದರೆ ಮೊದಲು ನನ್ನನ್ನೇ ಕೇಳು, ಆಮೇಲೆ ಉತ್ತರ ಹೇಳು." ಈ ಕಡೆಯ ಮಾತು ಬಹಳ ಮುಖ್ಯ. ಹೀಗೆ ಅಪ್ಪಣೆ ಕೊಟ್ಟರೆ ಯಂತ್ರ ಊಹೆ ಬಿಟ್ಟು ತಿರುಗಿ ಕೇಳುವ ಸಂಭವ ಹೆಚ್ಚು. ಬಾಯಲ್ಲಿ ಇಷ್ಟುದ್ದ ಹೇಳಲು ಬೇಸರವೆನಿಸಿದರೆ ಶಾಲೆಗೆ ಹೋಗುವ ಮಗನೋ ಮಗಳೋ ಊರು, ಮಣ್ಣು, ಎಕರೆ, ಬಿತ್ತಿದ ದಿನ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಪ್ರತಿ ಸಲ ಅದನ್ನೇ ಓದಿಸಿರಿ.

ಅಷ್ಟೆಲ್ಲ ಹೇಳಿದರೂ ಯಂತ್ರ ಒಂದು ಪ್ರಶ್ನೆಯನ್ನೂ ಕೇಳದೆ ಔಷಧದ ಹೆಸರು, ಪ್ರಮಾಣ ಹೇಳಿಬಿಟ್ಟರೆ ನಾನಂತೂ ಆ ಮಾತಿನ ಮೇಲೆ ಒಂದು ರೂಪಾಯಿ ಖರ್ಚು ಮಾಡಲಾರೆ. ಹೊಲ ಕಾಣದವರು ಕೇಳದೆ ಹೇಗೆ ತಿಳಿದಾರು? ಕಿಸಾನ್ ಕಾಲ್ ಸೆಂಟರನ್ನು ನೋಡಿರಿ. 2004ರ ಜನವರಿ 21ರಂದು ಶುರುವಾದ ಏರ್ಪಾಡು. ಕೃಷಿ ಓದಿದವರು ಅಲ್ಲಿ ಕೂತು ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡಿದ ಕೂಡಲೇ ಯಾವ ಜಿಲ್ಲೆ, ಯಾವ ತಾಲ್ಲೂಕು, ಯಾವ ಬೆಳೆ ಎಂದು ಕೇಳಿಯೇ ಮುಂದಿನ ಮಾತು. ಕೆಲವರಿಗೆ ಇದು ಬೇಸರ, "ಇಷ್ಟೆಲ್ಲ ಯಾಕ್ ಕೇಳ್ತಾರ್ರೀ" ಎನ್ನುತ್ತಾರೆ. ಅವರು ಕೇಳುವ ಆ ನಾಲ್ಕು ಮಾತಿನಲ್ಲೇ ಅರ್ಧ ಉತ್ತರ ಇರುತ್ತದೆ.

ಒಣಗುವ ಗಿಡವಿದ್ದರೆ ಎರಡು ಗಿಡಗಳನ್ನು ಬೇರು ಹರಿಯದಂತೆ ಮಣ್ಣು ಸಮೇತ ಅಗೆದು ಚೀಲದಲ್ಲಿ ಹಾಕಿಕೊಳ್ಳಿರಿ. ಒಂದು ರೋಗ ಬಂದದ್ದು, ಒಂದು ಈಗತಾನೇ ಬಾಡತೊಡಗಿದ್ದು. ಪೂರ್ತಿ ಒಣಗಿ ಕಡ್ಡಿಯಾದದ್ದನ್ನು ಒಯ್ದರೆ ನೋಡುವವರಿಗೂ ಏನೂ ತಿಳಿಯದು. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ, ಇಲ್ಲವೇ ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರಿ. ಹೋಗಲಾಗದಿದ್ದರೆ 1800-180-1551ಕ್ಕೆ ಕರೆ ಮಾಡಿರಿ. ಖರ್ಚಿಲ್ಲ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ರಜೆಯ ದಿನವೂ ಇರುತ್ತದೆ. ಫೋನಿನ ಯಂತ್ರ ಹೇಳಿದ್ದನ್ನು ಬರೆದಿಟ್ಟುಕೊಂಡು ಅವರಿಗೆ ಓದಿ ಹೇಳಿದರೂ ಆಯಿತು.